ಹೈಕ್ ಬಂದ ಮೇಲೂ ಕೆಲಸ ಯಾಕೆ ಸಪ್ಪೆ? ಹಣದ ಅಳತೆಗೋಲು ಮತ್ತು ಆಫೀಸಿನ ನೆಮ್ಮದಿ

ಈ ಸಲದ ಮಾತು ಸಂಬಳದ ಬಗ್ಗೆ. ಸಂಬಳ ಜಾಸ್ತಿ ಮಾಡಿಕೊಳ್ಳೋದು ಹೇಗೆ ಅಂತ ಹೇಳೋ ವಿಡಿಯೋಗಳು ಬೇಕಾದಷ್ಟಿವೆ, ನಾನೂ ಎರಡು ಮಾಡಿದ್ದೀನಿ. ಇವತ್ತಿನ ಪ್ರಶ್ನೆ ಬೇರೆ. ಸಂಬಳವನ್ನೇ ಬದುಕಿನ ಮುಖ್ಯ ಅಳತೆಗೋಲು ಮಾಡಿಕೊಂಡರೆ, ದಿನಾ ಒಂಬತ್ತು-ಹತ್ತು ಗಂಟೆ ಕೂತು ಮಾಡೋ ಆ ಕೆಲಸಕ್ಕೆ ಏನಾಗತ್ತೆ? ವಿಡಿಯೋದಲ್ಲಿ ಓಡಿಸಿಕೊಂಡು ಹೇಳಿದ್ದನ್ನ ಇಲ್ಲಿ ಸ್ವಲ್ಪ ನಿಧಾನವಾಗಿ ಬರೆದಿದ್ದೀನಿ. ಒಂದೆರಡು ಕಡೆ ವಿಡಿಯೋದಲ್ಲಿ ಬಿಟ್ಟಿದ್ದನ್ನೂ ಸೇರಿಸಿದ್ದೀನಿ.

ನಾನಿರೋದು ಮೆಹದಿಪಟ್ಟಣಂ. ಹೈದರಾಬಾದಿಗೆ ಹೊಸದಾಗಿ ಬಂದವರಿಗೆ ಹೇಳ್ತೀನಿ, ಇದು ಐಟಿ ಏರಿಯಾ ಅಲ್ಲ. ಗಚ್ಚಿಬೌಲಿ, ಕೊಂಡಾಪುರದ ಬಾಡಿಗೆ ಕೊಡೋಕೆ ಮನಸ್ಸಾಗದವರು, ರೈತು ಬಜಾರಿನ ತರಕಾರಿ ಬೇಕು ಅನ್ನೋರು, ಶುಕ್ರವಾರ ರಾತ್ರಿ ಬೆಂಗಳೂರು ಬಸ್ಸನ್ನ ಮನೆ ಹತ್ತಿರವೇ ಹತ್ತಬೇಕು ಅನ್ನೋರು ಇಲ್ಲಿರ್ತಾರೆ. ಮೆಟ್ರೋ ಇಲ್ಲಿಗೆ ಬಂದಿಲ್ಲ. ಟೋಲಿಚೌಕಿ, ಶೇಕ್‌ಪೇಟೆ ದಾಟಿ ಆಫೀಸಿಗೆ ಹೋಗಬೇಕು. 2022ರ ಜನವರಿ 1ಕ್ಕೆ ಶೇಕ್‌ಪೇಟೆ ಫ್ಲೈಓವರ್ ತೆರೆದ ಮೇಲೆ ಜೀವ ಒಂಚೂರು ಹಗುರ ಆಗಿದೆ. ಮನೆ ವಿಳಾಸ ಹೇಳೋದು ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ ಕಂಬದ ನಂಬರಿನ ಲೆಕ್ಕದಲ್ಲಿ. ಲಂಗರ್‌ಹೌಸ್, ಚೇವೆಳ್ಳ ಕಡೆ ಹೋಗೋ ಹೆದ್ದಾರಿಗೆ ಜನ ಇವತ್ತಿಗೂ ಬಿಜಾಪುರ ರೋಡ್ ಅಂತಲೇ ಕರೀತಾರೆ, ಅದನ್ನ ಕೇಳಿದಾಗ ನಮ್ಮ ಕಡೆಯವರಿಗೆ ಸಣ್ಣ ಖುಷಿ. ಬೀದರ್, ಗುಲ್ಬರ್ಗಾ, ರಾಯಚೂರು 1956ರ ತನಕ ಹೈದರಾಬಾದ್ ರಾಜ್ಯದೊಳಗೇ ಇದ್ದವಲ್ಲ. ಅಜ್ಜಂದಿರಿಗೆ ರಾಜಧಾನಿಯಾಗಿದ್ದ ಊರಿಗೆ ನಾವು ಕೋಡ್ ಬರೆಯೋಕೆ ಬಂದಿದ್ದೀವಿ.

ಮದುವೆಗೆ ಮುಂಚೆ ಇದೇ ಏರಿಯಾದಲ್ಲಿ ನಾಲ್ಕು ಜನ ಕನ್ನಡದ ಹುಡುಗರು ಎರಡು ಬೆಡ್‌ರೂಮಿನ ಫ್ಲಾಟ್ ಹಿಡಿದಿದ್ವಿ. ಅವರಲ್ಲಿ ಇಬ್ಬರ ವಿಷಯ ಹೇಳಬೇಕು. ಒಬ್ಬ ಸಿಂಧನೂರು ಕಡೆಯವನು. ಅಪ್ಪನ ಹೆಸರಲ್ಲಿ ಬೆಳೆ ಸಾಲ, ಜೊತೆಗೆ ತಂಗಿ ಮದುವೆ. 40 ಪರ್ಸೆಂಟ್ ಜಾಸ್ತಿ ಕೊಡ್ತಾರೆ ಅಂತ ರಾತ್ರಿ ಪಾಳಿಯ ಸಪೋರ್ಟ್ ಕೆಲಸಕ್ಕೆ ಹೋದ. ನಾವೆಲ್ಲ ಬೇಡ ಅಂದ್ವಿ. ಇನ್ನೊಬ್ಬ ದಾವಣಗೆರೆಯವನು. ಮನೆ ಕಡೆ ಅನುಕೂಲಸ್ಥರು. ನಾಲ್ಕು ವರ್ಷದಲ್ಲಿ ಮೂರು ಕಂಪನಿ ಬದಲಿಸಿದ. ಪ್ರತಿ ಸಲ ಹೊಸ ಆಫರ್ ಬಂದ ದಿನ ಟೋಲಿಚೌಕಿಯಲ್ಲಿ ನಮಗೆಲ್ಲ ಬಿರಿಯಾನಿ. ಎರಡನೇ ತಿಂಗಳ ಸಂಬಳದ ಮೆಸೇಜ್ ಬರೋ ಹೊತ್ತಿಗೆ "ಇಲ್ಲೂ ಅಷ್ಟೇ ಮಗಾ, ಪಕ್ಕದ ಟೀಮಿನವನಿಗೆ ನನಗಿಂತ ಆರು ಲಕ್ಷ ಜಾಸ್ತಿ" ಅಂತ ಶುರು. ಒಂದು ಹಂತದಲ್ಲಿ ಇಬ್ಬರ ಸಂಬಳವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ರಾತ್ರಿ ಪಾಳಿಯವನು ನಿದ್ದೆಗೆಟ್ಟಿದ್ದ, ಕಣ್ಣು ಕೆಂಪಗಿರ್ತಿತ್ತು, ಆದರೂ ಕೆಲಸದ ಬಗ್ಗೆ ಸಮಾಧಾನದಲ್ಲೇ ಮಾತಾಡ್ತಿದ್ದ. ಹಗಲು ಪಾಳಿಯವನು ಭಾನುವಾರ ಸಂಜೆ ಆಗ್ತಿದ್ದ ಹಾಗೇ ಮುಖ ಸಣ್ಣ ಮಾಡ್ತಿದ್ದ.

ಇದು ಸ್ವಭಾವದ ವ್ಯತ್ಯಾಸ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಈ ಪ್ರಶ್ನೆ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಸಂಶೋಧನೆ ನಡೆದಿದೆ, ಮತ್ತು ಅದು ಹೇಳೋದು ನಾವು ಚಹಾ ಅಂಗಡಿಯಲ್ಲಿ ಮಾತಾಡೋದಕ್ಕಿಂತ ಸೂಕ್ಷ್ಮವಾಗಿದೆ.

ಮೊದಲು ಪದ. ಸಂಶೋಧಕರು ಬಳಸೋದು ಮೆಟೀರಿಯಲಿಸಂ ಅಂತ. ಮಾರ್ಕ್ಸ್‌ನ ಭೌತವಾದ ಅಲ್ಲ, ಅದೇ ಬೇರೆ ಇದೇ ಬೇರೆ. 1992ರಲ್ಲಿ ಮಾರ್ಶಾ ರಿಚಿನ್ಸ್ ಮತ್ತು ಸ್ಕಾಟ್ ಡಾಸನ್ ಇದನ್ನ ಅಳೆಯೋಕೆ 18 ವಾಕ್ಯಗಳ ಒಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ ಮೂರು ಭಾಗ. ವಸ್ತು ಗಳಿಸೋದು ನಿನ್ನ ಬದುಕಿನ ಮಧ್ಯದಲ್ಲಿದೆಯಾ ಅನ್ನೋದು ಒಂದು. ಇನ್ನಷ್ಟು ಬಂದರೆ ನಾನು ಖುಷಿಯಾಗಿರ್ತೀನಿ ಅಂತ ನಂಬ್ತೀಯಾ ಅನ್ನೋದು ಇನ್ನೊಂದು. ಮನುಷ್ಯ ಗೆದ್ದಿದ್ದಾನೋ ಸೋತಿದ್ದಾನೋ ಅಂತ ಅವನ ಹತ್ತಿರ ಏನಿದೆ ಅನ್ನೋದರಿಂದ ತೀರ್ಮಾನ ಮಾಡ್ತೀಯಾ ಅನ್ನೋದು ಮೂರನೇದು. ಇಲ್ಲಿ ಗಮನಿಸಿ, ಯಾವುದೂ ನಿಮ್ಮ ಸಂಬಳ ಎಷ್ಟು ಅಂತ ಕೇಳಲ್ಲ. ಎಂಟು ಸಾವಿರ ದುಡಿಯೋನೂ ಮೆಟೀರಿಯಲಿಸ್ಟ್ ಆಗಿರಬಹುದು, ಎಂಬತ್ತು ಲಕ್ಷದವನು ಆಗದೇ ಇರಬಹುದು. ಹಣ ಇರೋದು ಬೇರೆ, ಹಣಕ್ಕೆ ಮನಸ್ಸಿನಲ್ಲಿ ಕೊಟ್ಟಿರೋ ಜಾಗ ಬೇರೆ. ಇಡೀ ವಿಷಯ ನಿಂತಿರೋದು ಈ ವ್ಯತ್ಯಾಸದ ಮೇಲೆ. ಇದನ್ನ ಕೈಬಿಟ್ಟರೆ ನಾವು "ದುಡ್ಡೇ ಎಲ್ಲ ಅಲ್ಲ" ಅನ್ನೋ ವಾಟ್ಸಾಪ್ ಸುಪ್ರಭಾತಕ್ಕೆ ಬಂದು ನಿಲ್ತೀವಿ.

ಹಣವೇ ಖಳನಾಯಕ ಅಲ್ಲ ಅನ್ನೋದಕ್ಕೆ ಒಂದು ಮಾತು. 2010ರಲ್ಲಿ ಡೇನಿಯಲ್ ಕಾಹ್ನೆಮನ್ ಮತ್ತು ಆಂಗಸ್ ಡೀಟನ್, ಅಮೆರಿಕದಲ್ಲಿ ವರ್ಷಕ್ಕೆ 75,000 ಡಾಲರ್ ಆಸುಪಾಸಿನ ನಂತರ ದಿನನಿತ್ಯದ ಖುಷಿ ಮೇಲೇರಲ್ಲ ಅಂದಿದ್ದರು. ಆ ಅಂಕಿ ನಮ್ಮ ಆಫೀಸಿನ ಎಷ್ಟೋ ಪ್ರೆಸೆಂಟೇಶನ್‌ಗಳಲ್ಲಿ ಇನ್ನೂ ಓಡಾಡ್ತಿದೆ. 2021ರಲ್ಲಿ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಇಲ್ಲ, ಏರ್ತಾನೇ ಇರತ್ತೆ ಅಂತ ತೋರಿಸಿದ. 2023ರಲ್ಲಿ ಕಾಹ್ನೆಮನ್, ಕಿಲಿಂಗ್ಸ್‌ವರ್ತ್ ಇಬ್ಬರೂ ಬಾರ್ಬರಾ ಮೆಲ್ಲರ್ಸ್ ಜೊತೆ ಒಟ್ಟಿಗೆ ಕೂತು ಡೇಟಾ ನೋಡಿದರು. ಹೆಚ್ಚಿನ ಜನರಿಗೆ ಆದಾಯದ ಜೊತೆ ಖುಷಿ ಏರತ್ತೆ, ಮೊದಲೇ ತುಂಬಾ ದುಃಖದಲ್ಲಿರೋ ಒಂದು ಸಣ್ಣ ಗುಂಪಿಗೆ ಮಾತ್ರ ಒಂದು ಹಂತದ ನಂತರ ನಿಲ್ಲತ್ತೆ ಅಂತ ಕಂಡಿತು. ಹಾಗಾಗಿ ಯಾರಾದರೂ ಮ್ಯಾನೇಜರ್ "ಸಂಶೋಧನೆ ಪ್ರಕಾರ ದುಡ್ಡಿನಿಂದ ಖುಷಿ ಬರಲ್ಲ" ಅಂತ ಹೇಳಿ ಹೈಕ್ ಕತ್ತರಿಸಿದರೆ, ಈ 2023ರ ಪೇಪರ್ ಕೈಗಿಡಿ.

ಈಗ ಇನ್ನೊಂದು ಕಡೆ. 1993ರಲ್ಲಿ ಟಿಮ್ ಕ್ಯಾಸರ್ ಮತ್ತು ರಿಚರ್ಡ್ ರಯಾನ್, ಆರ್ಥಿಕ ಯಶಸ್ಸನ್ನ ಬೇರೆಲ್ಲದಕ್ಕಿಂತ ಮುಂದೆ ಇಟ್ಟುಕೊಂಡವರ ಮಾನಸಿಕ ಆರೋಗ್ಯ ನೋಡಿದರು. ಸ್ನೇಹ, ತನ್ನನ್ನು ತಾನು ಒಪ್ಪಿಕೊಳ್ಳೋದು, ಸಮುದಾಯಕ್ಕೆ ಏನಾದರೂ ಮಾಡೋದು, ಇವುಗಳಿಗೆ ಹೋಲಿಸಿದರೆ ಹಣದ ಗುರಿಯೇ ಮೊದಲು ಅಂದವರಲ್ಲಿ ನೆಮ್ಮದಿ ಕಡಿಮೆ ಇತ್ತು. "ಹೋಲಿಸಿದರೆ" ಅನ್ನೋ ಪದ ಇಲ್ಲಿ ಮುಖ್ಯ. ಹಣ ಬೇಕು ಅನ್ನೋದರಿಂದ ತೊಂದರೆ ಕಾಣಲಿಲ್ಲ, ಪಟ್ಟಿಯಲ್ಲಿ ಅದು ಎಲ್ಲವನ್ನೂ ಕೆಳಗೆ ತಳ್ಳಿದಾಗ ಕಂಡಿತು. ಆಮೇಲೆ 2014ರಲ್ಲಿ ಹೆಲ್ಗಾ ಡಿಟ್ಮಾರ್ ಮತ್ತು ಸಂಗಡಿಗರು 259 ಬೇರೆ ಬೇರೆ ಗುಂಪುಗಳ ಮೇಲೆ ನಡೆದ ಅಧ್ಯಯನಗಳನ್ನ ಒಟ್ಟುಗೂಡಿಸಿದರು. ಫಲಿತಾಂಶದ ದಿಕ್ಕು ಅದೇ: ಮೆಟೀರಿಯಲಿಸಂ ಮೇಲೆ, ನೆಮ್ಮದಿ ಕೆಳಗೆ. ಆದರೆ ಸಂಬಂಧದ ಬಲ ಸಾಧಾರಣ.

ಈ "ಸಾಧಾರಣ" ಅಂದ್ರೆ ಏನು ಅಂತ ಎಂ.ಟೆಕ್ ಮಾಡಿದ ಕರ್ಮಕ್ಕೆ ಒಂದು ಮಾತು ಹೇಳಲೇಬೇಕು. ಕೋರಿಲೇಶನ್ -0.2 ಇದೆ ಅಂತ ಇಟ್ಕೊಳ್ಳಿ. ಅದನ್ನ ವರ್ಗ ಮಾಡಿದರೆ 0.04. ಅಂದ್ರೆ ಜನರ ನಡುವಿನ ನೆಮ್ಮದಿಯ ಏರುಪೇರಿನಲ್ಲಿ 4 ಪರ್ಸೆಂಟ್ ಮಾತ್ರ ಇದರ ಜೊತೆ ಓಡತ್ತೆ. ಉಳಿದ 96ರಲ್ಲಿ ನಿದ್ದೆ, ಆರೋಗ್ಯ, ಹೆಂಡತಿ, ಮ್ಯಾನೇಜರ್, ಟ್ರಾಫಿಕ್ ಎಲ್ಲ ಇದೆ. ಜೊತೆಗೆ, ಯಾವುದು ಯಾವುದಕ್ಕೆ ಕಾರಣ ಅಂತ ಕೋರಿಲೇಶನ್ ಹೇಳಲ್ಲ. ಖುಷಿ ಇಲ್ಲದವನು ವಸ್ತುಗಳ ಕಡೆ ತಿರುಗ್ತಾನೋ, ವಸ್ತುಗಳ ಕಡೆ ತಿರುಗಿದವನು ಖುಷಿ ಕಳ್ಕೊಳ್ತಾನೋ? ಎರಡೂ ಇರಬಹುದು. ಹಾಗಿದ್ದ ಮೇಲೆ ಇದಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂದ್ರೆ, ಇಷ್ಟೊಂದು ದೇಶ, ವಯಸ್ಸು, ಆದಾಯಗಳಲ್ಲಿ ಒಂದೇ ದಿಕ್ಕು ತೋರಿಸೋ ಸಂಬಂಧಗಳು ಮನಶ್ಶಾಸ್ತ್ರದಲ್ಲಿ ಹೆಚ್ಚಿಲ್ಲ. ಮತ್ತೆ ಈ 4 ಪರ್ಸೆಂಟ್ ನಮ್ಮ ಕೈಯಲ್ಲಿರೋ ಅಂಥದ್ದು. ಟ್ರಾಫಿಕ್ ನಮ್ಮ ಕೈಯಲ್ಲಿಲ್ಲ.

ಇಷ್ಟು ಹೊತ್ತು ಬದುಕಿನ ಬಗ್ಗೆ ಆಯ್ತು, ಕೆಲಸದ ಜಾಗಕ್ಕೆ ಬರೋಣ. ನನಗೆ ಬಹಳ ಉಪಯೋಗಕ್ಕೆ ಬಂದಿದ್ದು 2007ರಲ್ಲಿ ಬೆಲ್ಜಿಯಂನ ಉದ್ಯೋಗಿಗಳ ಮೇಲೆ ಮಾರ್ಟನ್ ವಾನ್‌ಸ್ಟೀನ್‌ಕಿಸ್ಟೆ ಮತ್ತು ಅವರ ಜೊತೆಗಾರರು ಪ್ರಕಟಿಸಿದ ಅಧ್ಯಯನ. ಅವರು ಉದ್ಯೋಗಿಗಳನ್ನ ಒಂದು ಪ್ರಶ್ನೆಯ ಮೇಲೆ ನೋಡಿದರು: ಕೆಲಸದಿಂದ ನಿನಗೆ ಮುಖ್ಯವಾಗಿ ಬೇಕಾಗಿರೋದು ಹಣ, ಸ್ಥಾನ, ಇನ್ನೊಬ್ಬರ ಮೇಲೆ ಅಧಿಕಾರವಾ, ಇಲ್ಲಾ ಕಲಿಯೋದು, ಜನರ ಜೊತೆಗಿನ ನಂಟು, ಇನ್ನೊಬ್ಬರಿಗೆ ಉಪಯೋಗ ಆಗೋದಾ? ಮೊದಲನೇ ಕಡೆಗೆ ವಾಲಿದವರಲ್ಲಿ ಕೆಲಸದ ತೃಪ್ತಿ ಕಡಿಮೆ, ಕೆಲಸದಲ್ಲಿ ಚೈತನ್ಯ ಕಡಿಮೆ, ಸುಸ್ತು ಜಾಸ್ತಿ, ಬಿಟ್ಟು ಹೋಗೋ ಯೋಚನೆ ಜಾಸ್ತಿ. ಇನ್ನೊಂದು ಸಾಲು ಓದಿದಾಗ ನನಗೆ ನೇರವಾಗಿ ದಾವಣಗೆರೆಯ ಗೆಳೆಯ ಕಣ್ಣ ಮುಂದೆ ಬಂದ. ಗುರಿ ಮುಟ್ಟಿದ ಮೇಲೆ ಸಿಗೋ ಸಂತೋಷ ಇವರಿಗೆ ಬೇಗ ಆರಿ ಹೋಗ್ತಿತ್ತು. ಗುರಿ ಮುಟ್ಟೋದಿಲ್ಲ ಅಂತ ಅಲ್ಲ. ಮುಟ್ತಾರೆ, ಆದರೆ ಅದು ಉಳಿಯಲ್ಲ.

ಇಲ್ಲಿ ಎಲ್ಲರಿಗೂ ಬರೋ ಅನುಮಾನ: ಅವರಿಗೆ ಬೇಕಾದಷ್ಟು ಹಣ ಸಿಗದೇ ಇದ್ದಿದ್ದಕ್ಕೆ ಹಾಗಾಗಿರಬೇಕು, ಹಣ ಬೇಕು ಅನ್ನೋನಿಗೆ ಹಣ ಕೊಟ್ಟರೆ ಸರಿಹೋಗತ್ತೆ. ಸಂಶೋಧಕರಿಗೂ ಅದೇ ಅನುಮಾನ ಇತ್ತು. ಆದಾಯದ ಮಟ್ಟ ನೋಡಿದರು. ಜಾಸ್ತಿ ಆದಾಯದವರಲ್ಲೂ ಕಡಿಮೆ ಆದಾಯದವರಲ್ಲೂ ಚಿತ್ರ ಬದಲಾಗಲಿಲ್ಲ. ಇದಕ್ಕೂ ಮುಂಚೆ 2002ರಲ್ಲಿ ಕ್ಯಾಸರ್ ಮತ್ತು ಆರನ್ ಅಹುವಿಯಾ ಸಿಂಗಪುರದ ಬಿಸಿನೆಸ್ ವಿದ್ಯಾರ್ಥಿಗಳನ್ನ ನೋಡಿದ್ದರು. ಅಲ್ಲಿ ಸುತ್ತಲಿನ ವಾತಾವರಣವೇ ಹಣದ ಗುರಿಯನ್ನ ಮೆಚ್ಚುವಂಥದ್ದು, ಯಾರೂ ಬೈಯಲ್ಲ. ಆದರೂ ಆ ಮೌಲ್ಯವನ್ನ ಗಟ್ಟಿಯಾಗಿ ಹಿಡಿದವರಲ್ಲಿ ಚೈತನ್ಯ, ಸಂತೋಷ ಕಡಿಮೆ, ಆತಂಕ ಜಾಸ್ತಿ ಇತ್ತು. ಅಮೆರಿಕದಲ್ಲಿ ಡೆಕಾಪ್, ಜುರ್ಕೀವಿಚ್, ಜಿಯಾಕಲೋನೆ ಮೂವರು 2010ರಲ್ಲಿ ಪ್ರಕಟಿಸಿದ್ದೂ ಇದೇ ಕಡೆಗೆ ಇದೆ.

ಎಲ್ಲ ಅಧ್ಯಯನವೂ ಒಂದೇ ರಾಗ ಹಾಡಲ್ಲ, ಅದನ್ನೂ ಹೇಳ್ತೀನಿ. 2003ರಲ್ಲಿ ಆರಿ ಮಾಲ್ಕಾ ಮತ್ತು ಜೆನಿಫರ್ ಚ್ಯಾಟ್‌ಮನ್, ಎಂಬಿಎ ಮುಗಿಸಿದವರನ್ನ ಕೆಲವು ವರ್ಷದ ನಂತರ ಮತ್ತೆ ಮಾತಾಡಿಸಿದರು. ಹಣದ ಕಡೆ ಒಲವಿದ್ದವರಿಗೆ ಆದಾಯ ಏರಿದಷ್ಟೂ ನೆಮ್ಮದಿ ಏರೋ ಹಾಗೆ ಕಂಡಿತು. ಅಂದ್ರೆ ಹಣ ಬೇಕಿದ್ದವನಿಗೆ ಹಣ ಸಿಕ್ಕರೆ ಸ್ವಲ್ಪ ಕೆಲಸ ಮಾಡತ್ತೆ, ಪೂರ್ತಿ ಸುಳ್ಳಲ್ಲ. ನನ್ನ ಅಭಿಪ್ರಾಯದಲ್ಲಿ ಎರಡೂ ಒಟ್ಟಿಗೆ ನಿಜ ಆಗಿರಬಹುದು. ಕೈಗೆ ಬಂದ ವರ್ಷ ಮೀಟರ್ ಮೇಲೆ ಹೋಗತ್ತೆ, ಆದರೆ ಆ ಮೀಟರು ಪ್ರತಿ ವರ್ಷ ಮತ್ತೆ ಸೊನ್ನೆಯಿಂದ ಶುರು.

ಯಾಕೆ ಹೀಗೆ? ಬೆಲ್ಜಿಯಂ ಅಧ್ಯಯನದ ಎರಡನೇ ಭಾಗ ಇದಕ್ಕೇ ಇತ್ತು. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಕಟ್ಟಿದ ಒಂದು ಸಿದ್ಧಾಂತ ಇದೆ. ಮನುಷ್ಯನ ಮನಸ್ಸಿಗೆ ಊಟದ ಹಾಗೆ ಮೂರು ಬೇಕೇ ಬೇಕು ಅನ್ನತ್ತೆ: ನಾನು ಮಾಡ್ತಿರೋದನ್ನ ನಾನೇ ಒಪ್ಪಿ ಮಾಡ್ತಿದ್ದೀನಿ ಅನ್ನೋ ಸ್ವಾತಂತ್ರ್ಯ, ಈ ಕೆಲಸ ನನಗೆ ಬರತ್ತೆ ಅನ್ನೋ ಭರವಸೆ, ನನ್ನವರು ಅನ್ನೋ ನಾಲ್ಕು ಜನರ ನಂಟು. ಹಣದ ಅಳತೆಗೋಲು ಹಿಡಿದವನಿಗೆ ಕೆಲಸದಲ್ಲಿ ಈ ಮೂರೂ ಕಡಿಮೆ ಸಿಗ್ತಿತ್ತು, ನೆಮ್ಮದಿ ಹೋಗ್ತಿದ್ದದ್ದು ಆ ದಾರಿಯಲ್ಲಿ.

ಇದನ್ನ ನಮ್ಮ ಆಫೀಸಿನಲ್ಲಿ ನೋಡಿ. ಮುಂದಿನ ಅಪ್ರೈಸಲ್ ಮೇಲೆ ಮಾತ್ರ ಕಣ್ಣಿದ್ದವನು ಯಾವ ಟಾಸ್ಕ್ ಎತ್ಕೊಳ್ತಾನೆ? ಮೇಲಿನವರಿಗೆ ಕಾಣೋದನ್ನ. ಹತ್ತು ವರ್ಷ ಹಳೇ ಮಾಡ್ಯೂಲಿನ ಹುಳುಕು ಸರಿಪಡಿಸೋ ಕೆಲಸ ಸ್ಲೈಡಿನಲ್ಲಿ ಕಾಣಲ್ಲ, ಬಿಡ್ತಾನೆ. ಅಲ್ಲೇ ಕಲಿಯೋದಿತ್ತು. ಜೂನಿಯರ್ ಹುಡುಗಿ ಕೋಡ್ ರಿವ್ಯೂ ಕೇಳ್ತಾಳೆ, ಒಂದು ಗಂಟೆ ಕೂತು ಹೇಳಿಕೊಟ್ಟರೆ ನನಗೇನು ಲಾಭ ಅನ್ನೋ ಲೆಕ್ಕ ಬರತ್ತೆ. ಅಲ್ಲೇ ನಂಟಿತ್ತು. 18 ತಿಂಗಳಿಗೆ ಕಂಪನಿ ಬದಲಿಸೋ ಪ್ಲಾನ್ ಇದ್ದವನಿಗೆ ಟೀಮಿನವರೆಲ್ಲ ಬಸ್ಸಿನ ಸಹಪ್ರಯಾಣಿಕರು, ಅಷ್ಟೇ. ಕೆಲಸ ಸಪ್ಪೆ ಅನ್ನಿಸತ್ತೆ. ಸಪ್ಪೆ ಅನ್ನಿಸಿದ್ದಕ್ಕೆ ಪರಿಹಾರ ಹುಡುಕೋವಾಗ ಕೈಗೆ ಸಿಗೋದು ಮತ್ತೆ ಅದೇ ಅಳತೆಗೋಲು, ಇನ್ನೊಂದು ಆಫರ್. ದೂರದ ಬೆಟ್ಟ ನುಣ್ಣಗೆ.

ಊರು ಬಿಟ್ಟು ಬಂದವರಿಗೆ ಇದರ ಏಟು ಜಾಸ್ತಿ ಬೀಳತ್ತೆ ಅಂತ ನನಗನ್ನಿಸತ್ತೆ. ಇದು ಅಧ್ಯಯನದ ಮಾತಲ್ಲ, ನನ್ನ ಅಂದಾಜು. ಆ ಮೂರರಲ್ಲಿ ಮೂರನೇದು, ನಂಟು, ನಮಗೆ ಮೊದಲೇ ತೆಳ್ಳಗಿರತ್ತೆ. ಸಂಜೆ ಏಳಕ್ಕೆ ಬಾಗಿಲು ತಟ್ಟಿ "ಏನ್ ಮಾಡಾಕತ್ತೀರಿ" ಅಂತ ಒಳಗೆ ಬರೋರು ಯಾರೂ ಇಲ್ಲ. ನೆರೆಯವರ ಜೊತೆ ಒಡಕು ತೆಲುಗು, ಆಟೋದವನ ಜೊತೆ ಒಡಕು ದಖನಿ. ಇಂಥ ಕಡೆ ಆಫೀಸಿನ ನಾಲ್ಕು ಜನವೇ ಬಳಗ. ಅದನ್ನೂ ಲೆಕ್ಕದ ಪುಸ್ತಕ ಮಾಡಿಕೊಂಡರೆ ಉಳಿಯೋದು ಇಎಂಐ ಮತ್ತು ಓಟಿಟಿ.

ಹೋಲಿಕೆ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಯಾಕಂದ್ರೆ ನಮ್ಮ ಕ್ಷೇತ್ರದಲ್ಲಿ ಇದು ದೊಡ್ಡ ರೋಗ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿಬ್ಬಂದಿ ಸಂಬಳ ಸಾರ್ವಜನಿಕ ಮಾಹಿತಿ. 2008ರಲ್ಲಿ ಅಲ್ಲಿನ ಒಂದು ಪತ್ರಿಕೆ ಅದನ್ನ ಹುಡುಕೋಕೆ ಸುಲಭವಾಗೋ ಹಾಗೆ ಆನ್‌ಲೈನ್ ಹಾಕಿತು. ಡೇವಿಡ್ ಕಾರ್ಡ್ (2021ರ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರಲ್ಲಿ ಒಬ್ಬರು) ಮತ್ತು ಮೂವರು ಜೊತೆಗಾರರು ಒಂದು ಚಂದದ ಪ್ರಯೋಗ ಮಾಡಿದರು. ಲಾಟರಿ ಎತ್ತಿದ ಹಾಗೆ ಕೆಲವರನ್ನ ಆರಿಸಿ, ಇಂಥ ಜಾಗದಲ್ಲಿ ನಿಮ್ಮ ಸಹೋದ್ಯೋಗಿಗಳ ಸಂಬಳ ಸಿಗತ್ತೆ ಅಂತ ಇಮೇಲ್ ಕಳಿಸಿದರು. ಆಮೇಲೆ ಎಲ್ಲರಿಗೂ ಕೆಲಸ ಹೇಗಿದೆ ಅಂತ ಕೇಳಿದರು. 2012ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ತನ್ನ ವಿಭಾಗದ ನಡುಮಟ್ಟಕ್ಕಿಂತ ಕಡಿಮೆ ಸಂಬಳದವರು ಸಂಬಳದ ಬಗ್ಗೆಯೂ ಕೆಲಸದ ಬಗ್ಗೆಯೂ ಅತೃಪ್ತರಾದರು, ಬೇರೆ ಕೆಲಸ ಹುಡುಕೋ ಮನಸ್ಸು ಮಾಡಿದರು. ನಡುಮಟ್ಟಕ್ಕಿಂತ ಮೇಲಿದ್ದವರಿಗೆ? ಏನೂ ಆಗಲಿಲ್ಲ. ಖುಷಿ ಹೆಚ್ಚಲೇ ಇಲ್ಲ. ಹೋಲಿಕೆ ಆಟದಲ್ಲಿ ಸೋತವನಿಗೆ ನಷ್ಟ, ಗೆದ್ದವನಿಗೆ ಲಾಭ ಇಲ್ಲ. ಇಂಥ ಆಟವನ್ನ ನಾವು ಸಂಬಳ ತೋರಿಸೋ ಆ್ಯಪ್‌ಗಳಲ್ಲಿ ರಾತ್ರಿ ಹನ್ನೊಂದಕ್ಕೆ ಮಲಗಿಕೊಂಡು ಆಡ್ತೀವಿ.

ಹಾಗಂತ ಸಂಬಳ ಮುಚ್ಚಿಡಬೇಕು ಅಂತ ನಾನು ಹೇಳ್ತಿಲ್ಲ. ಮಾಹಿತಿ ಇದ್ದರೇನೇ ಅನ್ಯಾಯ ಗೊತ್ತಾಗೋದು. ಒಂದೇ ಕೆಲಸ ಮಾಡೋ ಹೆಣ್ಣುಮಕ್ಕಳಿಗೆ ಕಡಿಮೆ ಕೊಡ್ತಿದ್ದರೆ ಅದು ಹೊರಗೆ ಬರಬೇಕು. ಮಾತುಕತೆಗೆ ಕೂರೋ ಮುಂಚೆ ಮಾರುಕಟ್ಟೆ ದರ ನೋಡೋದು ಜಾಣತನ. ದಿನಾ ನೋಡೋದು ತುರಿಕೆ.

1998ರಲ್ಲಿ ಸಾರಾ ಸಾಲ್ನಿಕ್, ಡೇವಿಡ್ ಹೆಮೆನ್‌ವೇ ಕೇಳಿದ ಪ್ರಶ್ನೆ ನಿಮಗೂ ಕೇಳ್ತೀನಿ. ನಿನಗೆ 50,000, ಉಳಿದವರಿಗೆ 25,000. ಇಲ್ಲಾ ನಿನಗೆ 1,00,000, ಉಳಿದವರಿಗೆ 2,00,000. ಬೆಲೆಗಳು ಎರಡೂ ಕಡೆ ಒಂದೇ. ಯಾವ ಲೋಕ ಬೇಕು? ಹತ್ತಿರ ಹತ್ತಿರ ಅರ್ಧ ಜನ ಮೊದಲನೇದನ್ನ ಆರಿಸಿದರು. ಕೈಗೆ ಅರ್ಧದಷ್ಟೇ ಹಣ, ಆದರೆ ಪಕ್ಕದವನಿಗಿಂತ ಮೇಲೆ! ಅದೇ ಪ್ರಶ್ನೆಯನ್ನ ರಜೆ ದಿನಗಳ ಬಗ್ಗೆ ಕೇಳಿದಾಗ ಹೀಗೆ ಆರಿಸಿದವರು ಬಹಳ ಕಡಿಮೆ. ರಜೆಯಲ್ಲಿ ನಮಗೆ ಪಕ್ಕದವನು ನೆನಪಾಗಲ್ಲ.

ಹೈದರಾಬಾದಿನಲ್ಲಿ ಪಕ್ಕದವನನ್ನ ಮರೆಯೋದು ಕಷ್ಟವೂ ಹೌದು. 2023ರ ಆಗಸ್ಟ್‌ನಲ್ಲಿ ಕೋಕಾಪೇಟೆಯಲ್ಲಿ ಸರ್ಕಾರದ ಹರಾಜಿನಲ್ಲಿ ಒಂದು ಎಕರೆ 100.75 ಕೋಟಿ ರೂಪಾಯಿಗೆ ಹೋಯ್ತು. ಮೆಹದಿಪಟ್ಟಣಂನಿಂದ ಅಲ್ಲಿಗೆ ಬೈಕಿನಲ್ಲೇ ಹೋಗಬಹುದು. ಆಮೇಲೆ ತಿಂಗಳುಗಟ್ಟಲೆ ನಮ್ಮ ಕ್ಯಾಂಟೀನಿನಲ್ಲಿ ಬೇರೆ ಮಾತಿಲ್ಲ. ಯಾರ ಮಾವನಿಗೆ ನಾರ್ಸಿಂಗಿಯಲ್ಲಿ ಎಷ್ಟು ಗಜ ಇದೆ, ಯಾರು ತೆಲ್ಲಾಪುರದಲ್ಲಿ ಬುಕ್ ಮಾಡಿದ್ರು. ಇಲ್ಲಿ ಹುಟ್ಟಿ ಬೆಳೆದವನ ಜೊತೆ ಜಮೀನಿನ ಲೆಕ್ಕದಲ್ಲಿ ಓಡೋಕೆ ಹೊರಟರೆ ನಾವು ಹೊರಡೋ ಗೆರೆಯೇ ಎರಡು ಕಿಲೋಮೀಟರ್ ಹಿಂದೆ. ಇನ್ನೊಂದು ಕಡೆ ಊರು. ಅವ್ವ ಫೋನ್ ಮಾಡಿದರೆ ಊಟ ಆತೇನು ಅಂತಾಳೆ. ಕಾಕಾ ಫೋನ್ ತಗೊಂಡರೆ "ಪಗಾರ ಎಷ್ಟಾತೋ ಈಗ? ಇವರ ಹುಡುಗಂದು ಬೆಂಗಳೂರಾಗ ಮೂವತ್ತಂತ." ಹುಡುಗಿ ನೋಡೋಕೆ ಹೋದಾಗ ಕೇಳೋ ಮೊದಲ ಪ್ರಶ್ನೆಯೂ ಪ್ಯಾಕೇಜ್. ಕಾಕಾನ ಮೇಲೆ ಸಿಟ್ಟಿಲ್ಲ. ನಾನು ಏನು ಕೆಲಸ ಮಾಡ್ತೀನಿ ಅಂತ ಅವನಿಗೆ ಅರ್ಥ ಮಾಡಿಸೋ ಕನ್ನಡ ನನ್ನ ಹತ್ತಿರವೂ ಇಲ್ಲ, ಅವನಿಗೆ ಹಿಡಿದು ನೋಡೋಕೆ ಸಿಗೋದು ಆ ಒಂದು ಅಂಕಿ ಮಾತ್ರ.

ಈಗ ನನ್ನ ಇಬ್ಬರು ಗೆಳೆಯರಿಗೆ ವಾಪಸ್ ಬರ್ತೀನಿ. 2001ರಲ್ಲಿ ಅಭಿಷೇಕ್ ಶ್ರೀವಾಸ್ತವ, ಎಡ್ವಿನ್ ಲಾಕ್, ಕ್ಯಾಥರಿನ್ ಬಾರ್ಟೋಲ್ ಒಂದು ಪ್ರಶ್ನೆ ಎತ್ತಿದರು: ಹಣ ಮುಖ್ಯ ಅನ್ನೋನಿಗೆ ಯಾತಕ್ಕೆ ಮುಖ್ಯ? ಮನೆಯವರಿಗೆ, ಭದ್ರತೆಗೆ, ಸ್ವಾತಂತ್ರ್ಯಕ್ಕೆ, ಇನ್ನೊಬ್ಬರಿಗೆ ಕೊಡೋಕೆ ಅನ್ನೋ ಕಾರಣಗಳಿವೆ. ಇನ್ನೊಬ್ಬರಿಗಿಂತ ಮೇಲೆ ಕಾಣೋಕೆ, ತೋರಿಸಿಕೊಳ್ಳೋಕೆ, ಅಧಿಕಾರಕ್ಕೆ, ನಾನು ಸಾಲದವನು ಅನ್ನೋ ಒಳಗಿನ ಅನುಮಾನ ಮುಚ್ಚೋಕೆ ಅನ್ನೋ ಕಾರಣಗಳೂ ಇವೆ. ಈ ಎರಡನೇ ಗುಂಪಿನ ಕಾರಣಗಳನ್ನ ಲೆಕ್ಕದಿಂದ ಬೇರೆ ಮಾಡಿ ನೋಡಿದಾಗ, ಹಣ ಮುಖ್ಯ ಅನ್ನೋದಕ್ಕೂ ನೆಮ್ಮದಿ ಕಡಿಮೆಯಾಗೋದಕ್ಕೂ ಇದ್ದ ಸಂಬಂಧ ಅಲ್ಲಿ ಮಾಯ ಆಯ್ತು. ಸಿಂಧನೂರಿನವನ ಹಣಕ್ಕೆ ಹೆಸರಿತ್ತು: ಸಾಲ, ತಂಗಿ. ಹೆಸರಿದ್ದ ಹಣಕ್ಕೆ ಒಂದು ಕೊನೆಯೂ ಇರತ್ತೆ. ಸಾಲ ತೀರಿದ ವರ್ಷ ಅವನು ಹಗಲು ಪಾಳಿಗೆ, ಸ್ವಲ್ಪ ಕಡಿಮೆ ಸಂಬಳಕ್ಕೆ, ಬೇರೆ ಕಡೆ ಸೇರಿದ. ದಾವಣಗೆರೆಯವನ ಹಣಕ್ಕೆ ಹೆಸರಿರಲಿಲ್ಲ, ಮುಂದಿನವನ ಸಂಬಳವೇ ಅದರ ಹೆಸರು, ಮುಂದಿನವನು ಯಾವಾಗಲೂ ಇರ್ತಾನೆ.

ಆದರೆ ಇದನ್ನ ದಾವಣಗೆರೆಯವನ ಗುಣದೋಷ ಅಂತ ಮುಗಿಸೋದು ನನಗೆ ಸರಿ ಕಾಣಲ್ಲ. 2008ರಲ್ಲಿ ಕೆನ್ ಶೆಲ್ಡನ್ ಮತ್ತು ಕ್ಯಾಸರ್, ಜನರಿಗೆ ಬೆದರಿಕೆಯ ಸನ್ನಿವೇಶ ಕಲ್ಪಿಸಿಕೊಳ್ಳಿ ಅಂದರು: ಕೆಲಸ ಇಲ್ಲ, ಭವಿಷ್ಯ ಗೊತ್ತಿಲ್ಲ, ಹತ್ತಿರದವರು ದೂರ. ಅಷ್ಟಕ್ಕೇ ಜನ ಹಣ, ರೂಪ, ಹೆಸರಿನ ಗುರಿಗಳ ಕಡೆ ವಾಲಿದರು. ಹೆದರಿದ ಮನಸ್ಸು ಎಣಿಸೋಕೆ ಬರೋದನ್ನ ಹಿಡಿದುಕೊಳ್ಳತ್ತೆ. ಈಗ 2022-23ರಲ್ಲಿ ಜಗತ್ತಿನ ದೊಡ್ಡ ಟೆಕ್ ಕಂಪನಿಗಳು ಸಾವಿರಗಟ್ಟಲೆ ಜನರನ್ನ ಇಮೇಲ್ ಮೂಲಕ ಕಳಿಸಿದ್ದನ್ನ ನೆನಪಿಸಿಕೊಳ್ಳಿ. ಅದರ ಮೇಲೆ ಬೆಲ್ ಕರ್ವ್. ಹತ್ತು ಜನರಲ್ಲಿ ಒಬ್ಬ ಕೆಳಗೆ ಬೀಳಲೇಬೇಕು ಅನ್ನೋ ನಿಯಮ ಇಟ್ಟು, ಆಮೇಲೆ "ನಾವೆಲ್ಲ ಒಂದೇ ಕುಟುಂಬ" ಅಂತ ಪೋಸ್ಟರ್ ಹಾಕಿದರೆ ಯಾವ ನಂಟು ಬೆಳೆಯತ್ತೆ? ಬೆಂಗಳೂರಿನ ಎನ್‌ಐಎಎಸ್ ಸಂಸ್ಥೆಯ ಕ್ಯಾರಲ್ ಉಪಾಧ್ಯ ಮತ್ತು ಎ.ಆರ್. ವಾಸವಿ 2006ರಲ್ಲೇ ಐಟಿ ಕೆಲಸಗಾರರ ಬಗ್ಗೆ ದೊಡ್ಡ ವರದಿ ಬರೆದಿದ್ದರು. ಉದ್ದದ ದಿನಗಳು, ಒತ್ತಡ, ಕಂಪನಿಯಿಂದ ಕಂಪನಿಗೆ ಜಿಗಿತ, ಪ್ರತಿಯೊಬ್ಬನೂ ತನ್ನ ಕರಿಯರ್ ತಾನೇ ನೋಡಿಕೊಳ್ಳಬೇಕಾದ ಒಂಟಿತನ, ಎಲ್ಲ ಅಲ್ಲಿದೆ. ಕಂಪನಿ ತಾನೇ ಎಲ್ಲವನ್ನೂ ಅಂಕಿ ಮಾಡಿಟ್ಟಾಗ ನೌಕರ ಅಂಕಿ ನೋಡ್ತಾನೆ ಅಂತ ದೂರೋದರಲ್ಲಿ ಅರ್ಥ ಇಲ್ಲ.

ನಮ್ಮ ರಾಯಚೂರು ಜಿಲ್ಲೆಯವರೇ ಆದ ಇಬ್ಬರ ಕತೆ ಇಲ್ಲಿ ಹೇಳಬೇಕು. ಲಿಂಗಸುಗೂರು ತಾಲೂಕಿನ ಅಮರೇಶ್ವರದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. 12ನೇ ಶತಮಾನದಲ್ಲಿ ಕಲ್ಯಾಣಕ್ಕೆ ಹೋದರು. ನಮ್ಮ ಹಾಗೆ ವಲಸೆ ಹೋದವರೇ ಅನ್ನಿ. ಬಿದ್ದ ಅಕ್ಕಿ ಆಯ್ದು ತರೋದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ಅದನ್ನ ನೋಡಿ, ನಮಗೆ ದಿನಾ ಸಾಕಾಗೋದಕ್ಕಿಂತ ಇದು ಹೆಚ್ಚು, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಈ ಕತೆಯನ್ನ ಬಡತನ ಒಳ್ಳೇದು ಅಂತ ಓದಬಾರದು, ಅದರಲ್ಲೂ ಎಚ್‌ಆರ್ ಬಾಯಲ್ಲಿ ಕೇಳಿಸಿಕೊಳ್ಳಲೇಬಾರದು. ಕಾಯಕದ ಮಾತನ್ನ ಗೋಡೆಗೆ ಅಂಟಿಸಿ ಶನಿವಾರವೂ ಬನ್ನಿ ಅನ್ನೋ ಆಫೀಸುಗಳನ್ನ ನಾನು ನೋಡಿದ್ದೀನಿ. ನನಗೆ ಅದರಲ್ಲಿ ಕಾಣೋದು ಇಷ್ಟು: ಎಷ್ಟು ಸಾಕು ಅನ್ನೋ ಲೆಕ್ಕವನ್ನ ಆ ಮನೆಯವರೇ ಮಾಡಿದರು, ಪಕ್ಕದ ಮನೆಯ ಮೊರ ನೋಡಿ ಮಾಡಲಿಲ್ಲ.

ಕೊನೆಗೆ ನನ್ನದೇ ವಿಷಯ. ಇದನ್ನ ಬರೀತಿರೋ ಹೊತ್ತಿಗೆ ನನ್ನ ಹತ್ತಿರ ಒಂದು ಆಫರ್ ಇದೆ. 35 ಪರ್ಸೆಂಟ್ ಜಾಸ್ತಿ. ಮಗಳು ಮುಂದಿನ ವರ್ಷ ಸ್ಕೂಲಿಗೆ, ಇಲ್ಲಿನ ಫೀಸು ನಿಮಗೆ ಗೊತ್ತೇ ಇದೆ. ಹೆಂಡತಿ ಜೊತೆ ಕೂತು, ಜಾಸ್ತಿ ಬರೋ ಹಣಕ್ಕೆ ಒಂದೊಂದಾಗಿ ಹೆಸರು ಬರೆದ್ವಿ. ಫೀಸು, ಊರಲ್ಲಿ ಅಪ್ಪನ ಮೊಣಕಾಲು ಆಪರೇಶನ್, ಆರು ತಿಂಗಳು ಕೆಲಸ ಇಲ್ಲದಿದ್ದರೂ ನಡೆಯೋ ಅಷ್ಟು ಉಳಿತಾಯ. ಸುಮಾರು 20 ಪರ್ಸೆಂಟಿಗೆ ಹೆಸರು ಸಿಕ್ಕಿತು. ಉಳಿದದ್ದಕ್ಕೆ ನಾನು ಕಾರು ಅಂದೆ, ಅವಳು ನಕ್ಕಳು, "ಯಾರಿಗೆ ತೋರಿಸೋಕೆ?" ಅಂದಳು. ಆ ಸಾಲು ಖಾಲಿ ಬಿಟ್ವಿ.

ಆಮೇಲೆ ಹೊಸ ಕಂಪನಿಯವರಿಗೆ, ಉತ್ತರ ಕೊಡೋ ಮುಂಚೆ ಟೀಮ್ ಲೀಡ್ ಜೊತೆ ಅರ್ಧ ಗಂಟೆ ಮಾತಾಡಬೇಕು ಅಂತ ಕೇಳಿದೆ. ಕೊಟ್ಟರು. ನೀವೂ ಕೇಳಿ, ಸಾಮಾನ್ಯವಾಗಿ ಇಲ್ಲ ಅನ್ನಲ್ಲ. ಮೂರು ವಿಷಯ ಕೇಳಿದೆ. ಡಿಸೈನ್ ತೀರ್ಮಾನ ಟೀಮಿನಲ್ಲಿ ಆಗತ್ತಾ, ಇಲ್ಲಾ ಮೇಲಿಂದ ಇಳಿಯತ್ತಾ? ಹೋದ ಆರು ತಿಂಗಳಲ್ಲಿ ಟೀಮಿನವರು ಹೊಸದಾಗಿ ಏನು ಕಲಿತರು? ಎರಡು ವರ್ಷದ ಹಿಂದೆ ಇದ್ದವರಲ್ಲಿ ಈಗ ಎಷ್ಟು ಜನ ಉಳಿದಿದ್ದಾರೆ? ಮೊದಲ ಎರಡಕ್ಕೆ ಒಳ್ಳೆ ಉತ್ತರ ಬಂತು. ಮೂರನೇದಕ್ಕೆ ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ಎಂಟರಲ್ಲಿ ಇಬ್ಬರು ಅಂದರು. ಹೋದವರಲ್ಲಿ ಒಬ್ಬರ ಜೊತೆ ಮಾತಾಡಬಹುದಾ ಅಂತ ಕೇಳಿದ್ದೀನಿ. ಶುಕ್ರವಾರದ ತನಕ ಟೈಮ್ ಇದೆ.